ಮೇಷ್ಟ್ರೇ, ಇದು ಎರಡು ಸಾವಿರ ವರ್ಷದ ಜಗಳ ಅಲ್ಲ

ಶಿವಮೊಗ್ಗ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಕಳೆದ ಸಂಚಿಕೆಯ ಪ್ಯಾಲೆಸ್ಟೈನ್ ಲೇಖನ ಓದಿ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರ ತಕರಾರು ಇಷ್ಟು: ಯಹೂದಿ, ಮುಸ್ಲಿಮರ ಜಗಳ ಎರಡು ಸಾವಿರ ವರ್ಷದ್ದು, ಅದನ್ನು ನೀವು ಬ್ರಿಟಿಷರ ತಲೆಗೆ ಕಟ್ಟಿದ್ದೀರಿ. ಅರಬ್ಬರು ದುಡ್ಡಿಗೆ ಜಮೀನು ಮಾರಿ ಈಗ ಅಳುತ್ತಿದ್ದಾರೆ. 1947ರಲ್ಲಿ ಅರ್ಧ ಕೊಡುತ್ತೇವೆ ಅಂದಾಗ ಬೇಡ ಅಂದವರೂ ಅವರೇ. ಕೊನೆಗೆ, ಇದೆಲ್ಲ ನಮಗ್ಯಾಕೆ?

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ನಾಲ್ಕೂ ಪುಟ ಓದಿದೆ, ಎರಡು ಸಲ. ನಿಮ್ಮ ಅಕ್ಷರ ನೋಡಿದ ಮೇಲೆ ನಮ್ಮ ಡಿಟಿಪಿ ಹುಡುಗರಿಂದ ಕಾಪಿ ಬರೆಸಬೇಕು ಅನ್ನಿಸಿತು. ಅದಿರಲಿ.

ಕೊನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಬೆಂಗಳೂರಿಗೆ ಬಂದಾಗ ಜೆ.ಸಿ. ನಗರದ ಕಡೆ ಹೋಗಿ ಬನ್ನಿ. ಅಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ನಾಲ್ವಡಿಯವರ ಕಾಲದ ಕುದುರೆ ಪಡೆ ಅದು, ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಈಜಿಪ್ಟ್, ಪ್ಯಾಲೆಸ್ಟೈನ್‌ವರೆಗೂ ಹೋಗಿತ್ತು. 1918ರ ಸೆಪ್ಟೆಂಬರ್ 23ರಂದು ಜೋಧ್‌ಪುರದ ಸವಾರರು ಮತ್ತು ನಮ್ಮ ಮೈಸೂರಿನವರು ಸೇರಿ ಹೈಫಾ ಬಂದರನ್ನು ತುರ್ಕರಿಂದ ಕಿತ್ತುಕೊಂಡರು. ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳನ್ನು ಹಿಡಿಯಲು ಬೆಟ್ಟ ಹತ್ತಿದವರು ಮೈಸೂರಿನವರು. ಕೈಯಲ್ಲಿ ಭರ್ಜಿ, ಎದುರಿಗೆ ಮೆಷಿನ್ ಗನ್. ಊರು ಗೆದ್ದರು. ಆದರೆ ಆ ನೆಲದಲ್ಲಿ ಮುಂದೆ ಏನಾಗಬೇಕು ಅನ್ನುವ ಕಾಗದ ಲಂಡನ್ನಿನಲ್ಲಿ ಹತ್ತು ತಿಂಗಳ ಹಿಂದೆಯೇ ತಯಾರಾಗಿತ್ತು ಅನ್ನೋದು ನಮ್ಮ ಸವಾರರಿಗೆ ಗೊತ್ತಿದ್ದಿರಲಿಕ್ಕಿಲ್ಲ.

ಆ ಕಾಗದವೇ 1917ರ ನವೆಂಬರ್ 2ರ ಬಾಲ್ಫರ್ ಘೋಷಣೆ. ಪ್ಯಾಲೆಸ್ಟೈನ್‌ನಲ್ಲಿ ಯಹೂದಿಗಳಿಗೆ ಒಂದು ರಾಷ್ಟ್ರೀಯ ನೆಲೆ ಮಾಡಿಕೊಡಲು ಬ್ರಿಟಿಷ್ ಸರ್ಕಾರ ಒಪ್ಪಿದೆ ಅಂತ. ಅಲ್ಲಿ ಆಗಲೇ ಇದ್ದವರನ್ನು ಆ ಕಾಗದ ಅರಬ್ಬರು ಅಂತ ಕೂಡ ಕರೆಯಲಿಲ್ಲ. 'ಯಹೂದಿಗಳಲ್ಲದ ಸಮುದಾಯಗಳು' ಅಂದುಬಿಟ್ಟಿತು. 1922ರ ಜನಗಣತಿ ನೋಡಿ. ಒಟ್ಟು ಏಳೂವರೆ ಲಕ್ಷ ಜನ, ಅದರಲ್ಲಿ ಯಹೂದಿಗಳು 84 ಸಾವಿರದ ಆಸುಪಾಸು. ಹತ್ತರಲ್ಲಿ ಒಂಬತ್ತು ಪಾಲಿನ ಜನಕ್ಕೆ ಅವರದೇ ನೆಲದ ಕಾಗದದಲ್ಲಿ ಹೆಸರಿಲ್ಲ. ಇದಕ್ಕೂ ಮೊದಲು 1915–16ರಲ್ಲಿ ಮೆಕ್ಕಾದ ಷರೀಫ್ ಹುಸೇನ್‌ಗೆ ಸ್ವತಂತ್ರ ಅರಬ್ ರಾಜ್ಯದ ಆಸೆ ತೋರಿಸಿ ಪತ್ರ ಬರೆದವರೂ ಇವರೇ, ಅದರ ಬೆನ್ನಿಗೇ ಫ್ರಾನ್ಸ್ ಜೊತೆ ಕೂತು ಅದೇ ಪ್ರದೇಶವನ್ನು ಗುಟ್ಟಾಗಿ ಹಂಚಿಕೊಂಡವರೂ ಇವರೇ. ಬ್ರಿಟಿಷರ ತಲೆಗೆ ನಾವು ಎಲ್ಲವನ್ನೂ ಕಟ್ಟಿಲ್ಲ ಮೇಷ್ಟ್ರೇ, ಅವರ ಪಾಲಿನದ್ದನ್ನು ಮಾತ್ರ ಕಟ್ಟಿದ್ದೇವೆ.

ಇನ್ನು ಎರಡು ಸಾವಿರ ವರ್ಷ. ಇಸ್ಲಾಂ ಹುಟ್ಟಿದ್ದೇ ಏಳನೇ ಶತಮಾನದಲ್ಲಿ. ನಿಮ್ಮ ಲೆಕ್ಕ ಅಲ್ಲಿಗೇ ತಪ್ಪಿತು, ಅಲ್ವಾ? 1099ರಲ್ಲಿ ಯುರೋಪಿನ ಧರ್ಮಯೋಧರು ಜೆರುಸಲೇಮ್ ಹಿಡಿದಾಗ ಮುಸ್ಲಿಮರನ್ನೂ ಯಹೂದಿಗಳನ್ನೂ ಒಟ್ಟಿಗೇ ಕಡಿದರು. 1492ರಲ್ಲಿ ಸ್ಪೇನ್ ಯಹೂದಿಗಳನ್ನು ಓಡಿಸಿದಾಗ ಅವರಲ್ಲಿ ಬಹಳ ಮಂದಿಗೆ ಜಾಗ ಕೊಟ್ಟವರು ತುರ್ಕಿ ಸುಲ್ತಾನರು. ಹಾಗಂತ ಅಲ್ಲಿ ಎಲ್ಲ ಸುಖವಾಗಿತ್ತು ಅಂತ ನಾನು ಹೇಳುತ್ತಿಲ್ಲ, ತಲೆಗಂದಾಯ ಕಟ್ಟಿ ಎರಡನೇ ದರ್ಜೆಯವರಾಗಿ ಬದುಕಬೇಕಿತ್ತು. ಯಹೂದಿಗಳಿಗೂ ಆ ನೆಲಕ್ಕೂ ಇರುವ ನಂಟು ಕೂಡ ಕಟ್ಟುಕಥೆ ಅಲ್ಲ. ಹೆಬ್ರಾನ್, ಸಫೇದ್, ಜೆರುಸಲೇಮ್‌ಗಳಲ್ಲಿ ಅವರು ತಲೆತಲಾಂತರದಿಂದ ಇದ್ದರು. ಆದರೆ ಈಗ ನಡೆಯುತ್ತಿರುವ ಜಗಳಕ್ಕೆ ವಯಸ್ಸು ನೂರು ನೂರಿಪ್ಪತ್ತು ವರ್ಷ ಅಷ್ಟೇ. ಅದು ಶುರುವಾಗಿದ್ದು ದೇವರ ವಿಷಯಕ್ಕಲ್ಲ, ಜಮೀನಿನ ವಿಷಯಕ್ಕೆ. ಹಳ್ಳಿಯಲ್ಲಿ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ನಿಮ್ಮ 'ಜಮೀನು ಮಾರಿದರು' ಅನ್ನುವ ಮಾತಿಗೂ ಉತ್ತರ ಇಲ್ಲೇ ಇದೆ.

1858ರಲ್ಲಿ ತುರ್ಕಿ ಸರ್ಕಾರ ಒಂದು ಭೂ ಕಾಯ್ದೆ ತಂದಿತು. ಎಲ್ಲರೂ ಜಮೀನನ್ನು ತಮ್ಮ ಹೆಸರಿಗೆ ದಾಖಲೆ ಮಾಡಿಸಿಕೊಳ್ಳಬೇಕು ಅಂತ. ರೈತರು ಹೆದರಿದರು. ಹೆಸರು ಬರೆಸಿದರೆ ಕಂದಾಯ ಬೀಳುತ್ತದೆ, ಮಗನನ್ನು ಸೈನ್ಯಕ್ಕೆ ಎಳೆದುಕೊಂಡು ಹೋಗುತ್ತಾರೆ. ಹಾಗಾಗಿ ಎಷ್ಟೋ ಕಡೆ ಉಳುವವನು ಒಬ್ಬ, ಖಾತೆ ಇನ್ನೊಬ್ಬನದ್ದು. ಹೈಫಾದ ಬೆನ್ನಿಗೇ ಒಂದು ಫಲವತ್ತಾದ ಕಣಿವೆ ಇದೆ. ಅರಬ್ಬರು ಮರ್ಜ್ ಇಬ್ನ್ ಆಮಿರ್ ಅಂತಾರೆ, ಯಹೂದಿಗಳಿಗೆ ಅದು ಜೆಜ್ರೀಲ್. ಅದರಲ್ಲಿ ದೊಡ್ಡ ಪಾಲು ಬೈರುತ್‌ನ ಸುರ್ಸೋಕ್ ಅನ್ನುವ ಸಾಹುಕಾರ ಮನೆತನದ ಹೆಸರಿಗೆ ಬಂತು. ಅವರು ಮುಸ್ಲಿಮರೂ ಅಲ್ಲ, ಕ್ರೈಸ್ತರು. 1920ರ ದಶಕದಲ್ಲಿ ಅವರು ಅದನ್ನು ಯಹೂದಿ ಸಂಸ್ಥೆಗಳಿಗೆ ಮಾರಿದರು. ಕಾನೂನು ಪ್ರಕಾರ ಎಲ್ಲ ಸರಿ. ಪತ್ರ ಸರಿ, ದುಡ್ಡು ಸರಿ. ಅಜ್ಜನ ಕಾಲದಿಂದ ಉಳುತ್ತಿದ್ದ ಗೇಣಿದಾರರು ಮಾತ್ರ ಎದ್ದು ಹೋಗಬೇಕಾಯಿತು. ಮೊದಲೆಲ್ಲ ಧಣಿ ಬದಲಾದರೆ ಒಕ್ಕಲು ಬದಲಾಗುತ್ತಿರಲಿಲ್ಲ. ಈಗ ಕೊಂಡವರ ನಿಯಮವೇ ಬೇರೆ. ಜಮೀನನ್ನು ಮತ್ತೆ ಮಾರುವಂತಿಲ್ಲ, ದುಡಿಯುವವರೂ ಯಹೂದಿಗಳೇ ಆಗಬೇಕು. ಕೊಂಡವರ ಕಡೆಯಿಂದ ನೋಡಿದರೆ ರಷ್ಯಾದಲ್ಲಿ ಹೊಡೆತ ತಿಂದು ಓಡಿಬಂದ ಹುಡುಗ ಹುಡುಗಿಯರು ಜೌಗು ನೆಲದಲ್ಲಿ ಮಲೇರಿಯಾ ಜೊತೆ ಹೋರಾಡುತ್ತಾ, ಯಾರ ಹಂಗೂ ಇಲ್ಲದೆ ನಮ್ಮ ಕೈಯಾರೆ ದುಡಿದು ತಿನ್ನುತ್ತೇವೆ ಅಂದ ಕಾಲ ಅದು. ಎಬ್ಬಿಸಲ್ಪಟ್ಟವನಿಗೆ ಆ ಆದರ್ಶ ಕಟ್ಟಿಕೊಂಡು ಏನಾಗಬೇಕು?

ಪ್ಯಾಲೆಸ್ಟೈನ್‌ನ ಗಣ್ಯರಲ್ಲೂ ಕೆಲವರು ಹಗಲು ಭಾಷಣ ಮಾಡಿ ರಾತ್ರಿ ಜಮೀನು ಮಾರಿದ್ದು ನಿಜ. ಆದರೂ 1947ರ ಹೊತ್ತಿಗೆ ಯಹೂದಿಗಳು ಕೊಂಡಿದ್ದು ಒಟ್ಟು ನೆಲದ ಶೇ. 7ರಷ್ಟು ಮಾತ್ರ. ಇಲ್ಲಿ ನಮ್ಮದೂ ಒಂದು ತಪ್ಪಿದೆ. ಕಳೆದ ಸಂಚಿಕೆಯ ನಕ್ಷೆಯ ಕೆಳಗೆ 'ಉಳಿದಿದ್ದೆಲ್ಲ ಅರಬ್ಬರ ಜಮೀನು' ಅಂತ ಹಾಕಿದ್ದೆವು. ಅದು ಸರಿಯಲ್ಲ, ಅದರಲ್ಲಿ ಬಹಳಷ್ಟು ಸರ್ಕಾರಿ ಲೆಕ್ಕದ ಬಂಜರು ಮತ್ತು ಮರುಭೂಮಿ. ಆ ಸಾಲು ಬರೆದವನು ನಾನೇ.

ಈಗ 1947. ಬೇಡ ಅಂದಿದ್ದು ಹೌದು. ಆಗ ಯಾಕೆ ಬೇಡ ಅಂದರು ಅನ್ನೋದನ್ನೂ ನೋಡಬೇಕಲ್ಲ. ಅಷ್ಟೊತ್ತಿಗೆ ಜನಸಂಖ್ಯೆಯಲ್ಲಿ ಮೂರನೇ ಒಂದು ಪಾಲು ಯಹೂದಿಗಳು. ಆ ನೆಲವನ್ನು ಯಹೂದಿ ರಾಜ್ಯ, ಅರಬ್ ರಾಜ್ಯ ಅಂತ ಎರಡು ಮಾಡುವ ವಿಶ್ವಸಂಸ್ಥೆಯ ಹಂಚಿಕೆ ಅವರಿಗೆ ಕೊಟ್ಟಿದ್ದು ಶೇ. 55ರಷ್ಟು ನೆಲ. ಆ ಯಹೂದಿ ರಾಜ್ಯದೊಳಗೇ ಸುಮಾರು ನಾಲ್ಕು ಲಕ್ಷ ಅರಬ್ಬರು ಉಳಿಯುತ್ತಿದ್ದರು. ನವೆಂಬರ್ 29ರಂದು ಮತಕ್ಕೆ ಹಾಕಿದಾಗ ಪರ 33, ವಿರೋಧ 13. ಆ ಹದಿಮೂರರಲ್ಲಿ ಭಾರತವೂ ಒಂದು. ನಮ್ಮವರು ಇರಾನ್, ಯುಗೊಸ್ಲಾವಿಯಾ ಜೊತೆ ಸೇರಿ ಒಂದೇ ಒಕ್ಕೂಟ ರಾಜ್ಯ ಇರಲಿ ಅಂತ ಬೇರೆ ಯೋಜನೆ ಕೊಟ್ಟಿದ್ದರು. ಮೂರು ತಿಂಗಳ ಹಿಂದಷ್ಟೇ ತಮ್ಮ ದೇಶ ಕೊಯ್ದದ್ದನ್ನು ನೋಡಿದವರು ಇನ್ನೇನು ಹೇಳಿಯಾರು!

ಯಹೂದಿಗಳ ಕಡೆಯೂ ಅಷ್ಟೇ ಗಟ್ಟಿ ಕಾರಣ ಇತ್ತು. ನಾಜಿಗಳು ಯುರೋಪಿನಲ್ಲಿ 60 ಲಕ್ಷ ಯಹೂದಿಗಳನ್ನು ಕೊಂದಿದ್ದರು. ಬದುಕಿ ಉಳಿದವರಿಗೆ ಯಾವ ದೇಶವೂ ಸರಿಯಾಗಿ ಬಾಗಿಲು ತೆಗೆಯಲಿಲ್ಲ. ಅದೇ 1947ರ ಜುಲೈನಲ್ಲಿ ಎಕ್ಸೋಡಸ್ ಅನ್ನುವ ಹಡಗು ನಾಲ್ಕೂವರೆ ಸಾವಿರ ಯಹೂದಿಗಳನ್ನು ಹೊತ್ತುಕೊಂಡು ಬಂತು. ಆಗ ಅಲ್ಲಿ ಆಳುತ್ತಿದ್ದ ಬ್ರಿಟಿಷರು ಅದನ್ನು ಹೈಫಾಕ್ಕೆ ಎಳೆದು ತಂದರು, ನಮ್ಮ ಸವಾರರು ಗೆದ್ದುಕೊಟ್ಟ ಅದೇ ಹೈಫಾ. ಅಲ್ಲಿಂದ ಬೇರೆ ಹಡಗು ಹತ್ತಿಸಿ ಕೊನೆಗೆ ಎಲ್ಲಿ ಇಳಿಸಿದರು ಗೊತ್ತಾ? ಜರ್ಮನಿಯಲ್ಲಿ. ಪ್ಯಾಲೆಸ್ಟೈನ್‌ನ ನಾಯಕರ ಬಗ್ಗೆ ನೀವು ಬರೆದಿದ್ದನ್ನೂ ಒಪ್ಪುತ್ತೇನೆ. ಮುಫ್ತಿ ಹಾಜ್ ಅಮೀನ್ ಅಲ್ ಹುಸೇನಿ 1941ರಲ್ಲಿ ಬರ್ಲಿನ್‌ಗೆ ಹೋಗಿ ಹಿಟ್ಲರನನ್ನು ಕಂಡಿದ್ದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಆದರೆ ಮುಫ್ತಿಯ ಪಾಪಕ್ಕೆ ಹೈಫಾದ ಬಂದರಿನ ಹಮಾಲಿ ಯಾಕೆ ದಂಡ ಕಟ್ಟಬೇಕು?

ಕಟ್ಟಿದನಲ್ಲ. 1948ರ ಏಪ್ರಿಲ್‌ನಲ್ಲಿ ಯಹೂದಿ ಪಡೆ ಹೈಫಾದ ಅರಬ್ ಕೇರಿಗಳ ಮೇಲೆ ಬಿತ್ತು. ಹನ್ನೆರಡು ಹದಿಮೂರು ದಿನದ ಹಿಂದೆ ದೇರ್ ಯಾಸೀನ್ ಅನ್ನುವ ಅರಬ್ ಹಳ್ಳಿಯಲ್ಲಿ ಯಹೂದಿ ಪಡೆಗಳ ಕೈಯಲ್ಲಿ ನೂರಕ್ಕೂ ಜಾಸ್ತಿ ಜನ ಸತ್ತ ಸುದ್ದಿ ಎಲ್ಲರ ಕಿವಿಗೂ ಬಿದ್ದಿತ್ತು. ಅದರ ಸೇಡಿಗೆ ಅರಬ್ಬರು ಹದಾಸಾ ಆಸ್ಪತ್ರೆಗೆ ಹೊರಟಿದ್ದ ಡಾಕ್ಟರು, ನರ್ಸುಗಳ ವಾಹನಗಳನ್ನು ಅಡ್ಡಗಟ್ಟಿ ಎಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದಿದ್ದರು. ಹೈಫಾದ ಅರಬ್ಬರು ಕೈಗೆ ಸಿಕ್ಕಿದ್ದು ಕಟ್ಟಿಕೊಂಡು ಬಂದರಿಗೆ ಓಡಿದರು. ಊರಿನ ಯಹೂದಿ ಮೇಯರ್ ಶಬ್ತಾಯ್ ಲೇವಿ ಹೋಗಬೇಡಿ ಅಂತ ಬೇಡಿಕೊಂಡರು. ಅದೂ ದಾಖಲೆಯಲ್ಲಿದೆ, ಗುಂಡು ಹಾರಿಸಿ ಓಡಿಸಿದ್ದೂ ದಾಖಲೆಯಲ್ಲಿದೆ. ಅರವತ್ತು ಸಾವಿರಕ್ಕೂ ಮೇಲಿದ್ದ ಅರಬ್ಬರಲ್ಲಿ ಕೆಲವೇ ಸಾವಿರ ಉಳಿದರು. ಮೇ 14ಕ್ಕೆ ಇಸ್ರೇಲ್ ಘೋಷಣೆ, ಮಾರನೇ ದಿನ ಅರಬ್ ಸೈನ್ಯಗಳ ದಾಳಿ. 1949ರಲ್ಲಿ ಕದನ ನಿಂತಾಗ ಇಸ್ರೇಲ್ ಕೈಯಲ್ಲಿ ಶೇ. 78ರಷ್ಟು ನೆಲ ಇತ್ತು, ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ಮನೆ ಬಿಟ್ಟಿದ್ದರು. 1950ರಲ್ಲಿ ಗೈರುಹಾಜರಾದವರ ಆಸ್ತಿ ಅನ್ನುವ ಕಾಯ್ದೆ ಬಂತು. ಓಡಿಹೋದವರ ಮನೆ, ತೋಟ ಸರ್ಕಾರದ ವಶ. ಮತ್ತೆ ಅದೇ ಖಾತೆಯ ಕಥೆ.

ಇದೇ ಸಂಚಿಕೆಗೆ ಕಲಬುರಗಿಯಿಂದ ಒಬ್ಬ ಹುಡುಗನೂ ಬರೆದಿದ್ದಾನೆ, ನಿಮಗೆ ಪೂರ್ತಿ ಉಲ್ಟಾ. 'ಯಹೂದಿಗಳೆಲ್ಲ ಯುರೋಪಿನವರು, ವಾಪಸ್ ಹೋಗಲಿ' ಅಂತ. ಎಲ್ಲಿಗೆ ಹೋಗಬೇಕಪ್ಪಾ? ಇರಾಕ್ ಒಂದರಿಂದಲೇ 1950–51ರಲ್ಲಿ ಸುಮಾರು 1.2 ಲಕ್ಷ ಯಹೂದಿಗಳು ಪೌರತ್ವ ಕಳೆದುಕೊಂಡು ಹೊರಟರು, ಆಸ್ತಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಅವರ ಮೊಮ್ಮಕ್ಕಳಿಗೆ ಬಾಗ್ದಾದ್‌ನಲ್ಲಿ ಈಗ ಯಾವ ಮನೆ ಇದೆ?

1967ರಿಂದ ಈಚಿನದು ನಿಮಗೂ ಗೊತ್ತಿರುವುದರಿಂದ ಉದ್ದ ಎಳೆಯುವುದಿಲ್ಲ. ಆರು ದಿನದ ಯುದ್ಧದಲ್ಲಿ ಪಶ್ಚಿಮ ದಂಡೆ, ಗಾಜಾ, ಪೂರ್ವ ಜೆರುಸಲೇಮ್ ಎಲ್ಲ ಇಸ್ರೇಲ್ ಕೈಗೆ ಬಂದವು. ಒಂದು ಸಂಗತಿ ಮಾತ್ರ ಹೇಳಲೇಬೇಕು. 1979ರಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟೇ, ರಕ್ಷಣೆಯ ನೆಪದಲ್ಲಿ ಪಶ್ಚಿಮ ದಂಡೆಯ ಪ್ಯಾಲೆಸ್ಟೀನಿಯರ ಖಾಸಗಿ ಜಮೀನು ಹಿಡಿದು ಎಲೋನ್ ಮೋರೆ ಅನ್ನುವ ಯಹೂದಿ ವಸಾಹತು ಕಟ್ಟಿದ್ದು ತಪ್ಪು ಅಂದಿತು. ಆಗ ಸರ್ಕಾರ ಹುಡುಕಿ ತೆಗೆದದ್ದು ಯಾವುದನ್ನು? ಅದೇ 1858ರ ತುರ್ಕಿ ಕಾಯ್ದೆಯನ್ನು. ಉಳುಮೆ ಇಲ್ಲ, ದಾಖಲೆ ಇಲ್ಲ, ಹಾಗಾದರೆ ಇದು ಸರ್ಕಾರಿ ಜಮೀನು ಅಂತ ಘೋಷಿಸುತ್ತಾ ಹೋದರು. ಮುತ್ತಜ್ಜ ಹೆದರಿ ಹೆಸರು ಬರೆಸದೇ ಇದ್ದದ್ದಕ್ಕೆ ಮರಿಮಗ ಗುಡ್ಡ ಕಳೆದುಕೊಂಡ. ಪೂರ್ವ ಜೆರುಸಲೇಮ್ ಬಿಟ್ಟೇ ಲೆಕ್ಕ ಹಾಕಿದರೂ ಇವತ್ತು ಪಶ್ಚಿಮ ದಂಡೆಯಲ್ಲಿ ಸುಮಾರು ಐದು ಲಕ್ಷ ವಸಾಹತುಗಾರರಿದ್ದಾರೆ. ಇಸ್ರೇಲ್ ಮತ್ತು ಪ್ಯಾಲೆಸ್ಟೀನಿಯರ ನಡುವೆ ಆದ 1993ರ ಓಸ್ಲೋ ಶಾಂತಿ ಒಪ್ಪಂದ ಕುಸಿದದ್ದಕ್ಕೆ ಪ್ಯಾಲೆಸ್ಟೀನಿಯರ ಸಶಸ್ತ್ರ ಸಂಘಟನೆ ಹಮಾಸ್‌ನ ಬಸ್ ಬಾಂಬುಗಳು ಎಷ್ಟು ಕಾರಣವೋ ಈ ಗುಡ್ಡಗಳೂ ಅಷ್ಟೇ ಕಾರಣ. ಒಪ್ಪಂದ ಮಾಡಿಕೊಂಡ ಇಸ್ರೇಲ್ ಪ್ರಧಾನಿ ರಾಬಿನ್‌ರನ್ನು 1995ರಲ್ಲಿ ಕೊಂದವನು ಅರಬ್ಬನಲ್ಲ, ಯಹೂದಿ.

'2023ರ ಅಕ್ಟೋಬರ್ 7ನ್ನು ಖಂಡಿಸುತ್ತೀರೋ ಇಲ್ಲವೋ' ಅಂತ ಕೆಂಪು ಶಾಯಿಯಲ್ಲಿ ಕೇಳಿದ್ದೀರಿ. ಖಂಡಿಸುತ್ತೇನೆ. ಅಂದು ಹಮಾಸ್‌ನವರು ಇಸ್ರೇಲಿನೊಳಗೆ ನುಗ್ಗಿ ಸುಮಾರು 1,200 ಜನರನ್ನು ಕೊಂದು 250ರಷ್ಟು ಜನರನ್ನು ಹೊತ್ತೊಯ್ದದ್ದನ್ನು 1858ರ ಕಾಯ್ದೆಯಾಗಲಿ 1948ರ ಗಾಯವಾಗಲಿ ಸಮರ್ಥಿಸುವುದಿಲ್ಲ. ಈಗ ನಾನು ಕೇಳುತ್ತೇನೆ, ಶಾಯಿ ಕಪ್ಪೇ ಇರಲಿ. ಅದರ ನಂತರ ಇಸ್ರೇಲಿನ ದಾಳಿಯಲ್ಲಿ, ಗಾಜಾದ ಆರೋಗ್ಯ ಇಲಾಖೆಯ ಲೆಕ್ಕದಲ್ಲೇ 60 ಸಾವಿರಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಸಾವಿರಾರು ಮಕ್ಕಳು. ಅಲ್ಲಿನ ಮೂರರಲ್ಲಿ ಎರಡು ಪಾಲು ಜನ 1948ರಲ್ಲಿ ಎದ್ದು ಬಂದವರ ಮನೆತನದವರು. ಅದರ ಬಗ್ಗೆ ನಾಲ್ಕು ಪುಟದಲ್ಲಿ ಒಂದು ಸಾಲೂ ಇಲ್ಲವಲ್ಲ ಮೇಷ್ಟ್ರೇ?

ಪತ್ರವನ್ನು ಒಂದಕ್ಷರ ಬಿಡದೆ ಹಾಕಿ ಅಂದಿದ್ದೀರಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ, ಮೂರನೇ ಪುಟದ ಕೆಳಗಿನ ಎರಡು ಸಾಲು ಬಿಟ್ಟು. ಅವು ಗಾಜಾದವರ ಬಗ್ಗೆ ಅಲ್ಲ, ನಿಮ್ಮ ಪಕ್ಕದ ಬೀದಿಯವರ ಬಗ್ಗೆ.