ಹೊಸ ಮನೆಯ ಹಿತ್ತಲ ತುಂಬಾ ಇಟ್ಟಿಗೆ ಚೂರು, ಗಾರೆ, ಗರಸು. ಮಡಿ ಮಾಡುವ ಮೊದಲು ಮಣ್ಣು ಸರಿಮಾಡುವುದು ಹೇಗೆ?

ವಿಜಯಪುರದ ಹೊಸ ಬಡಾವಣೆಯಲ್ಲಿ ಮನೆ, ಹಿಂದೆ 10×20 ಅಡಿ ಜಾಗ, ಗುದ್ದಲಿ ಹಾಕಿದಲ್ಲೆಲ್ಲ ಕಟ್ಟಡದ ಕಸ. ಅದರ ಮೇಲೆ ಎರಡು ಟ್ರೇಲರ್ ಎರೆ ಮಣ್ಣು ಸುರಿಸಿ ಗುಲಾಬಿ, ಬದನೆ, ಮೆಣಸಿನಕಾಯಿ ಹಚ್ಚಬಹುದೇ ಎಂದು ಕೇಳಿದ್ದೀರಿ.

ಸುರಿಸಬೇಡಿ. ನಿಮ್ಮ ಹಿತ್ತಲಿಗೆ ನಿಜವಾದ ಕೇಡು ಕಲ್ಲಿನಿಂದಲ್ಲ, ಕೆಳಗೆ ತುಳಿದು ಗಟ್ಟಿಯಾದ ಪದರದಿಂದ ಮತ್ತು ಸಿಮೆಂಟಿನಿಂದ. ಮನೆ ಕಟ್ಟುವಾಗ ಜೆಸಿಬಿ, ಇಟ್ಟಿಗೆ ಲಾರಿ ಎಲ್ಲ ಓಡಾಡಿದ್ದು ಅದೇ ಜಾಗದಲ್ಲಿ. ಆ ಪದರ ಒಡೆಯದೆ ಮೇಲೆ ಎಂಟಿಂಚು ಎರೆ ಹಾಕಿದರೆ ಸೆಪ್ಟೆಂಬರಿನ ಉತ್ತರಿ ಮಳೆಗೆ ನೀರು ಕೆಳಗಿಳಿಯದೆ ಬೇರಿನ ಸುತ್ತ ನಿಲ್ಲುತ್ತದೆ. ಬೇಸಿಗೆಗೆ ಅದೇ ಎರೆ ಬಿರಿದು ಬೇರು ಹರಿದುಹೋಗುತ್ತದೆ. ಮೊದಲು ಅಗೆತ, ಆಮೇಲೆ ಮಣ್ಣು. ಸರಿಯಾಗಿ ಅಗೆದರೆ ಎರಡು ಟ್ರೇಲರ್ ಬೇಕಾಗುವುದೂ ಇಲ್ಲ.

ಗುದ್ದಲಿ ಹಿಡಿಯುವ ಮುಂಚೆ ಒಂದು 10 ಎಂಎಂ ಸರಳು ತೆಗೆದುಕೊಂಡು ಎರಡೆರಡು ಅಡಿಗೊಂದು ಕಡೆ ಚುಚ್ಚಿ ನೋಡಿ. ಒಂದಡಿ ಇಳಿದರೆ ಸರಿ. ಟಕ್ ಎಂದು ಅಲ್ಲಲ್ಲಿ ತಡೆದರೆ ಬಿಡಿ ಕಲ್ಲು. ಒಂದೇ ಆಳದಲ್ಲಿ ಸಾಲಾಗಿ ನಾಲ್ಕೈದು ಕಡೆ ತಡೆದರೆ ಅದು ಗಾರೆ ಕಲಸಿದ ಜಾಗ. ಅಲ್ಲಿ ಸಿಮೆಂಟ್ ನೀರು ಇಳಿದು ಎರಡು ಮೂರು ಇಂಚಿನ ಬೂದುಬಣ್ಣದ ಹಪ್ಪಳ ಕಟ್ಟಿರುತ್ತದೆ. ಇಡೀ ಹಿತ್ತಲಲ್ಲಿ ಕೆಟ್ಟ ಜಾಗ ಅದೇ. ಹಾರೆ ಹಾಕಿ ಎಬ್ಬಿಸಿ, ಅದರ ಕೆಳಗಿನ ನಾಲ್ಕಿಂಚು ಮಣ್ಣನ್ನೂ ಸೇರಿಸಿ ಹೊರಗೆ ಹಾಕಿ. ಮುಚ್ಚಿಟ್ಟರೆ ಮುಂದೆ ವರ್ಷಗಟ್ಟಲೆ ಅಲ್ಲಿ ಗಿಡ ಹಳದಿಯಾಗುತ್ತಲೇ ಇರುತ್ತದೆ.

ಹಾಗೆಯೇ ಅರ್ಥಿಂಗ್ ಗುಂಡಿ ಎಲ್ಲಿದೆ ಎಂದು ಎಲೆಕ್ಟ್ರಿಷಿಯನ್ನನ್ನು ಕೇಳಿಕೊಳ್ಳಿ. ಅದಕ್ಕೆ ಇದ್ದಿಲು, ಉಪ್ಪು ತುಂಬಿರುತ್ತಾರೆ. ಅದನ್ನು ಅಗೆಯಲೂಬಾರದು, ಅದರ ಸುತ್ತ ಮೂರಡಿ ಏನೂ ಹಚ್ಚಲೂಬಾರದು. ಅಡಿಪಾಯಕ್ಕೆ ಗೆದ್ದಲಿನ ಔಷಧ ಹೊಡೆಸಿದ್ದರೆ ತಿನ್ನುವ ಗಿಡಗಳನ್ನು ಗೋಡೆಯಿಂದ ಮೂರಡಿ ದೂರ ಇಡಿ, ಗೋಡೆ ಪಕ್ಕ ಹೂವಿನ ಗಿಡ ಸಾಕು.

ಅಗೆಯಲು ಹದ ಮುಖ್ಯ. ಎರೆ ಒಣಗಿದ್ದಾಗ ಹೆಂಟೆ ಕಲ್ಲಿನಂತೆ ಏಳುತ್ತದೆ. ಹಸಿ ಇದ್ದಾಗ ಅಗೆದರೆ ಗುದ್ದಲಿಗೆ ಮೆತ್ತಿಕೊಂಡು, ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ. ಚೆನ್ನಾಗಿ ನೀರು ಬಿಟ್ಟು ಮೂರು ನಾಲ್ಕು ದಿನ ಬಿಡಿ. ಒಂದು ಹಿಡಿ ಮಣ್ಣು ಉಂಡೆ ಮಾಡಿ ಹೆಬ್ಬೆರಳಲ್ಲಿ ಒತ್ತಿದಾಗ ಪುಡಿಯಾಗಿ ಉದುರಿದರೆ ಹದ ಬಂದಿದೆ, ಚಪ್ಪಟೆಯಾದರೆ ಇನ್ನೂ ಕಾಯಬೇಕು.

ಮಡಿ 4 ಅಡಿ ಅಗಲ ಇರಲಿ, ಎರಡೂ ಬದಿಯಿಂದ ಕೈ ನಿಲುಕುತ್ತದೆ, ಒಳಗೆ ಕಾಲಿಡುವ ಪ್ರಸಂಗ ಬರುವುದಿಲ್ಲ. ಸೊಪ್ಪು, ಹೂವಿಗೆ ಒಂದಡಿ, ಬದನೆ ಮೆಣಸಿನಕಾಯಿಗೆ ಒಂದೂವರೆ ಅಡಿ ಅಗೆಯಿರಿ. ಮೇಲಿನ ಒಂದಡಿಯನ್ನು ತೆಗೆದು ಬದಿಗೆ ಹಾಕಿ, ಕೆಳಗಿನ ಅರ್ಧ ಅಡಿಯನ್ನು ಹಾರೆಯಿಂದ ಅಲ್ಲೇ ಸಡಿಲ ಮಾಡಿದರೆ ಸಾಕು. ತೆಗೆದ ಮಣ್ಣನ್ನು ಒಂದಿಂಚು ಕಣ್ಣಿನ ವೆಲ್ಡ್ ಮೆಶ್ಶನ್ನು ಓರೆಯಾಗಿ ನಿಲ್ಲಿಸಿ ಅದರ ಮೇಲೆ ಸಲಿಕೆಯಿಂದ ಎಸೆಯಿರಿ. ಮರಳು ಸೋಸುವ ಸಣ್ಣ ಜರಡಿ ಬೇಡ. ಹೆಬ್ಬೆರಳಿಗಿಂತ ಸಣ್ಣ ಕರಿಕಲ್ಲು, ಇಟ್ಟಿಗೆ ಚೂರು ಮಣ್ಣಲ್ಲೇ ಇರಲಿ. ಕರಿಕಲ್ಲಿನಿಂದ ಗಿಡಕ್ಕೆ ತೊಂದರೆಯಿಲ್ಲ, ಇಟ್ಟಿಗೆ ಚೂರು ನೀರು ಹಿಡಿದಿಡುತ್ತದೆ. ಒಂದೊಂದು ಹರಳು ಹೆಕ್ಕುತ್ತ ಕೂತರೆ ಮೂರನೇ ದಿನಕ್ಕೆ ಕೆಲಸವೇ ಬೇಡವೆನಿಸುತ್ತದೆ.

ಕೈಯಿಂದ ಆರಿಸಲೇಬೇಕಾದದ್ದು ಸಿಮೆಂಟ್ ಗಡ್ಡೆ, ಪ್ಲಾಸ್ಟರ್ ಚಕ್ಕೆ, ವಾಲ್ ಪುಟ್ಟಿ, ಬಣ್ಣದ ಸಿಪ್ಪೆ, ಗಾಜು, ಬೈಂಡಿಂಗ್ ತಂತಿ, ಮೊಳೆ. ಹಳೆಯ ಸಿಮೆಂಟ್ ಪತ್ರಾದ ತುಂಡು ಸಿಕ್ಕರೆ ಒಡೆಯಬೇಡಿ. ಅದರಲ್ಲಿ ಕಲ್ನಾರು (ಆಸ್‌ಬೆಸ್ಟಾಸ್) ಇರಬಹುದು, ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸಿ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇರೆ ಇಡಿ.

ಮಣ್ಣಿಗೆ ವಿನೆಗರ್ ಹಾಕಿ, ನೊರೆ ಬಂದರೆ ಸಿಮೆಂಟ್ ಇದೆ ಎಂದು ಯೂಟ್ಯೂಬಿನಲ್ಲಿ ಹೇಳುತ್ತಾರೆ. ನಮ್ಮ ಕಡೆ ಆ ಪರೀಕ್ಷೆ ದಾರಿ ತಪ್ಪಿಸುತ್ತದೆ. ಇಲ್ಲಿನ ಎರೆಯಲ್ಲಿ ಹುಟ್ಟಾ ಸುಣ್ಣದ ಹರಳು ಇರುತ್ತದೆ, ಸಿಮೆಂಟ್ ಕಾಣದ ಹೊಲದ ಮಣ್ಣೂ ನೊರೆ ಬಿಡುತ್ತದೆ. ಬದಲು ಐದಾರು ಕಡೆಯಿಂದ ಮಣ್ಣು ತೆಗೆದು ಬೆರೆಸಿ, ಅರ್ಧ ಕೆಜಿ ನೆರಳಲ್ಲಿ ಆರಿಸಿ ಹಿಟ್ನಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಪರೀಕ್ಷೆ ಮಾಡಿಸಿ. ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ), ಉಪ್ಪಿನಂಶ, ಸುಣ್ಣ ಈ ಮೂರೂ ಬೇಕು ಎಂದು ಕೇಳಿ. ಗೊಬ್ಬರ ಹಾಕುವ ಮೊದಲೇ ಮಣ್ಣು ತೆಗೆಯಿರಿ.

ಪಿಎಚ್ 8 ದಾಟಿದೆ ಎಂದು ಬಂದರೆ ಗಾಬರಿ ಬೇಡ, ಪಿಎಚ್ ಇಳಿಸಲು ಅಂಗಡಿಯವನ ಮಾತಿಗೆ ಗಂಧಕದ ಚೀಲ ತರುವುದೂ ಬೇಡ. ಲೆಕ್ಕ ನೋಡಿ. 4×10 ಅಡಿ ಮಡಿ, ಒಂದಡಿ ಆಳ ಎಂದರೆ 40 ಘನ ಅಡಿ, ಸುಮಾರು 1,400 ಕೆಜಿ ಮಣ್ಣು. ಅದರಲ್ಲಿ ಸುಣ್ಣ ಶೇ 5 ಇದ್ದರೆ 70 ಕೆಜಿ. ಅಷ್ಟನ್ನು ಕರಗಿಸಲು 22 ಕೆಜಿ ಗಂಧಕ ಬೇಕು, ಅದೂ ಒಂದೇ ಮಡಿಗೆ. ಅಂಗಡಿಯವನು ಹೇಳುವ ಅರ್ಧ ಕೆಜಿ ಎಲ್ಲಿಗೂ ಸಾಲದು. ಜಿಪ್ಸಂ ಬೇಕಾಗುವುದು ಸೋಡಿಯಂ ಹೆಚ್ಚಿರುವ ಸೌಳು ಮಣ್ಣಿಗೆ. ವರದಿಯಲ್ಲಿ ಹಾಗೆ ಬರೆದಿದ್ದರೆ ಮಾತ್ರ ಹಾಕಿ, ಸುಣ್ಣಕ್ಕೆ ಅದು ಮದ್ದಲ್ಲ.

ಸುಣ್ಣದ ಮಣ್ಣಿನಲ್ಲಿ ಮೊದಲು ನರಳುವುದು ಗುಲಾಬಿ, ದಾಸವಾಳ, ನಿಂಬೆ. ಚಿಗುರೆಲೆ ಹಳದಿ, ನರ ಮಾತ್ರ ಹಸಿರು ಕಂಡರೆ ಕಬ್ಬಿಣದ ಕೊರತೆ. ಅನ್ನಭೇದಿಯನ್ನು, ಅಂದರೆ ಫೆರಸ್ ಸಲ್ಫೇಟನ್ನು, ಬುಡಕ್ಕೆ ಹಾಕಿದರೆ ಸುಣ್ಣ ಅದನ್ನು ಹಿಡಿದುಕೊಂಡುಬಿಡುತ್ತದೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, 10 ದಿನ ಬಿಟ್ಟು ಮತ್ತೊಮ್ಮೆ. ಬುಡಕ್ಕೇ ಕೊಡಬೇಕೆಂದರೆ ಇಡಿಡಿಎಚ್‌ಎ ಎಂದು ಬರೆದಿರುವ ಕಬ್ಬಿಣದ ಚಿಲೇಟ್, ಅಂದರೆ ಸುಣ್ಣ ಹಿಡಿದುಕೊಳ್ಳದ ರೂಪದ ಕಬ್ಬಿಣ, ಕೊಳ್ಳಿ. ಇಡಿಟಿಎ ಎಂದು ಬರೆದಿರುವ ಚಿಲೇಟ್ ಇಂಥ ಪಿಎಚ್‌ನಲ್ಲಿ ಮಣ್ಣಲ್ಲಿ ನಿಲ್ಲುವುದಿಲ್ಲ.

ಇನ್ನು ತುಂಬುವ ಮಾತು. ಅಗೆದ ಮಣ್ಣಿನಲ್ಲಿ ಮೂರನೇ ಒಂದು ಪಾಲು ಕಸ ಹೋಯಿತು ಎಂದರೆ ಆ 4×10 ಅಡಿ ಮಡಿಗೆ 13 ಘನ ಅಡಿ ಹೊರಗಿನಿಂದ ಬೇಕು. ಸಿಮೆಂಟಿನ ಖಾಲಿ ಚೀಲ ಒಂದಕ್ಕೆ ಸುಮಾರು ಒಂದೂಕಾಲು ಘನ ಅಡಿ ಹಿಡಿಯುತ್ತದೆ, ಅದನ್ನೇ ಅಳತೆ ಮಾಡಿಕೊಳ್ಳಿ, ಮೊದಲು ಚೆನ್ನಾಗಿ ತೊಳೆದು. ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ 8 ಚೀಲ ಹಾಕಿದರೆ ಮಡಿಯ ಮೇಲೆ ಮೂರಿಂಚು ಆಗುತ್ತದೆ. ಉಳಿದದ್ದಕ್ಕೆ ಓಡಾಡುವ ದಾರಿಯ ಮೇಲ್ಮಣ್ಣನ್ನೇ ಸೋಸಿ ಹಾಕಿ, ಆ ತಗ್ಗಿಗೆ ಮಡಿಯಿಂದ ಬಂದ ಕಲ್ಲು, ಇಟ್ಟಿಗೆ ತುಂಬಿ. ಕಸ ಹೊರಗೆ ಸಾಗಿಸುವ ಖರ್ಚು ಅರ್ಧ ಉಳಿಯುತ್ತದೆ, ಮಳೆಗಾಲದಲ್ಲಿ ಕಾಲಿಗೆ ಎರೆಯೂ ಮೆತ್ತುವುದಿಲ್ಲ. ನಿಮ್ಮಲ್ಲಿ ಬರೀ ಗರಸೇ ಇದ್ದರೆ ಮಾತ್ರ ಎರೆ ಅಥವಾ ಕೆರೆಯ ಹೂಳು ತರಿಸಿ, ಗರಸು ಎರಡು ಪಾಲಿಗೆ ಎರೆ ಒಂದು ಪಾಲು. ಈಗಾಗಲೇ ಎರೆ ಇದ್ದರೆ ಮತ್ತೆ ಹೂಳು ಹಾಕಿ ಪ್ರಯೋಜನವಿಲ್ಲ.

ಎರೆ ಸಡಿಲವಾಗಲಿ ಎಂದು ನಾಲ್ಕು ಬುಟ್ಟಿ ಮರಳು ಬೆರೆಸುವವರಿದ್ದಾರೆ. ಅಷ್ಟರಿಂದ ಮಣ್ಣು ಸಡಿಲವಾಗುವುದಿಲ್ಲ, ಇಟ್ಟಿಗೆಯ ಹಾಗೆ ಬಿಗಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಮರಳಾದರೆ ಮಾತ್ರ ಗುಣ ಬದಲಾದೀತು, ಅದಕ್ಕೆ ಅಷ್ಟು ದುಡ್ಡು ಹಾಕುವ ಬದಲು ಗೊಬ್ಬರ ಹಾಕಿ. ನೀರು ಬಸಿಯಲಿ ಎಂದು ಮಡಿಯ ತಳಕ್ಕೆ ಕಲ್ಲು ಹಾಸುವುದೂ ತಪ್ಪು. ನುಣ್ಣನೆಯ ಮಣ್ಣಿನಿಂದ ನೀರು ದಪ್ಪ ಕಲ್ಲಿನ ಸಂದಿಗೆ ಸುಲಭಕ್ಕೆ ಇಳಿಯುವುದಿಲ್ಲ, ಮೇಲಿನ ಮಣ್ಣು ಪೂರಾ ನೆನೆಯುವ ತನಕ ಅಲ್ಲೇ ನಿಲ್ಲುತ್ತದೆ.

ಗೊಬ್ಬರ ಕರ್ರಗೆ, ಪುಡಿಪುಡಿಯಾಗಿ, ಹೆಂಡಿಯ ವಾಸನೆ ಇಲ್ಲದಂತಿರಬೇಕು. ಹಸಿ ಹೆಂಡಿಯ ಜೊತೆ ಗೊಣ್ಣೆ ಹುಳ ಬರುತ್ತದೆ, ಕಾಂಗ್ರೆಸ್ ಕಸದ ಬೀಜವೂ ಬರುತ್ತದೆ. ಮಡಿಗೆ ಒಂದು ಕೆಜಿ ಬೇವಿನ ಹಿಂಡಿ ಬೆರೆಸಿ. ತೊಗರಿ ಹೊಟ್ಟು, ಜೋಳದ ದಂಟಿನ ಚೂರನ್ನು ಮಣ್ಣಿನೊಳಗೆ ಬೆರೆಸಬೇಡಿ, ಕೊಳೆಯುವಾಗ ಗಿಡದ ಪಾಲಿನ ಸಾರಜನಕವನ್ನು ಎಳೆದುಕೊಳ್ಳುತ್ತವೆ. ಮೇಲೆ ಎರಡಿಂಚು ಹೊದಿಸಿದರೆ ಎರೆ ಬಿರಿಯುವುದು ತಗ್ಗುತ್ತದೆ.

ತುಂಬಿದ ಮೇಲೆ ಒಂದಡಿ ಆಳದ ಸಣ್ಣ ಗುಂಡಿ ಮಾಡಿ ನೀರು ತುಂಬಿ. ಮೊದಲ ಸಲದ ನೀರು ಬಿರುಕಿಗೆ ಹೋಗುತ್ತದೆ, ಲೆಕ್ಕಕ್ಕಿಲ್ಲ. ಎರಡನೇ ಸಲ ತಾಸಿಗೆ ಒಂದಿಂಚಾದರೂ ಇಳಿಯಬೇಕು. ಇಳಿಯದಿದ್ದರೆ ಮಡಿಯನ್ನು ಇನ್ನೂ ಆರಿಂಚು ಎತ್ತರಿಸಿ.

ಅವಸರವಿಲ್ಲದಿದ್ದರೆ ಹಸಿರೆಲೆ ಗೊಬ್ಬರಕ್ಕೆಂದು ಜೂನ್‌ನ ಮಿರಗ ಮಳೆಗೆ ಮಡಿಯೊಂದಕ್ಕೆ 40 ಗ್ರಾಂ ಸಣಬಿನ ಬೀಜ ಚೆಲ್ಲಿ. 45 ದಿನಕ್ಕೆ, ಹೂ ಬಿಡುವ ಹೊತ್ತಿಗೆ ಕೊಯ್ದು ಚೂರು ಮಾಡಿ ಮಣ್ಣಿಗೆ ಸೇರಿಸಿ, ಮೂರು ವಾರ ಕಳಿಯಲು ಬಿಡಿ. ಸೆಪ್ಟೆಂಬರ್ ಮೊದಲಿನ ಹುಬ್ಬಿ ಮಳೆ ಹೊತ್ತಿಗೆ ಸಸಿ ಹಚ್ಚಬಹುದು. ಬೋರಿನ ನೀರು ಗಡಸಾಗಿದ್ದರೆ ಮಾಳಿಗೆಯ ಮಳೆ ನೀರನ್ನು ಮಡಿಗೆ ತಿರುಗಿಸಿ, ಉಪ್ಪು ತೊಳೆದು ಹೋಗುತ್ತದೆ.

ಮೊದಲ ವರ್ಷ ಚೆಂಡುಹೂ, ಬದನೆ, ಚವಳಿಕಾಯಿ, ಮೆಂತ್ಯ ಧೈರ್ಯವಾಗಿ ಹಾಕಿ, ಮೆಣಸಿನಕಾಯಿಯೂ ಬರುತ್ತದೆ. ಗುಲಾಬಿಗೆ ಬೇರೆಯೇ ಒಂದೂವರೆ ಅಡಿ ಗುಂಡಿ ತೆಗೆದು ಅರ್ಧ ಗೊಬ್ಬರ, ಅರ್ಧ ಸೋಸಿದ ಮಣ್ಣು ತುಂಬಿ. ಗಜ್ಜರಿ, ಮೂಲಂಗಿಯನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ಉಳಿದ ಚೂರು ತಗುಲಿದಲ್ಲೆಲ್ಲ ಗಡ್ಡೆ ಕವಲೊಡೆಯುತ್ತದೆ.