ಟ್ರೇಲರ್ ಎಳೆಯಲು ಪಿಕಪ್‌ಗೆ 3.21 ಆಕ್ಸಲ್ ಸಾಕಾ, 3.92 ಬೇಕಾ?

ಭಾರದ ಟ್ರೇಲರನ್ನು ಆಗಾಗ ಎಳೆಯುವುದಿದ್ದರೆ 3.92 ತಗೊಳ್ಳಿ. ವರ್ಷಕ್ಕೊಮ್ಮೆ ಸಣ್ಣ ದೋಣಿ ಎಳೆಯಲು 3.21 ಸಾಕು.

ಹಿಂದಿನ ಚಕ್ರ ಒಂದು ಸುತ್ತು ತಿರುಗಲು, ಗೇರ್‌ಬಾಕ್ಸ್‌ನಿಂದ ಆಕ್ಸಲ್‌ಗೆ ಹೋಗುವ ಉದ್ದನೆ ಶಾಫ್ಟ್ ಎಷ್ಟು ಸುತ್ತಬೇಕು ಅನ್ನುವುದೇ ಈ ಅಂಕಿ. ಏರು ಬಂದಾಗ ಸೈಕಲ್‌ನಲ್ಲಿ ಹಗುರ ಗೇರಿಗೆ ಹಾಕುತ್ತೇವಲ್ಲ, ಅದೇ ಲೆಕ್ಕ. ಪೆಡಲ್ ಜಾಸ್ತಿ ಸಲ ತುಳಿಯಬೇಕು, ಆದರೆ ಕಾಲಿಗೆ ಭಾರ ಕಡಿಮೆ. ಅಮೆರಿಕದ ರ‍್ಯಾಮ್ 1500 ಪಿಕಪ್‌ನಲ್ಲಿ ಈ ಎರಡೂ ಆಕ್ಸಲ್ ಬಂದಿವೆ. ಎಂಜಿನ್ ಅದೇ, ಗೇರೂ ಅದೇ ಇದ್ದರೂ 3.92ರಲ್ಲಿ ಚಕ್ರಕ್ಕೆ ಸುಮಾರು 22% ಹೆಚ್ಚು ಎಳೆತ ಸಿಗುತ್ತದೆ. ಪುಕ್ಕಟೆ ಏನಲ್ಲ. ಅದೇ ವೇಗಕ್ಕೆ ಎಂಜಿನ್ ಕೂಡ ಅಷ್ಟೇ ಜಾಸ್ತಿ ತಿರುಗಬೇಕು: 1,800 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಇದ್ದದ್ದು 2,200 ಆಗುತ್ತದೆ. ಖಾಲಿ ಗಾಡಿ ಓಡಿಸುವಾಗ ಸುಮ್ನೆ ಪೆಟ್ರೋಲ್ ದಂಡ, ಅಲ್ವಾ?

ದೊಡ್ಡ ಟೈರ್ ಹಾಕಿಸುವ ಆಸೆ ಇದ್ದರೆ ಸ್ವಲ್ಪ ಯೋಚಿಸಿ. ಚಂದ ಕಾಣುತ್ತದೆ, ನಿಜ. ಆದರೆ ಟೈರ್ ಎತ್ತರ 10% ಹೆಚ್ಚಾದರೆ ನಿಮ್ಮ 3.92 ನಡೆದುಕೊಳ್ಳುವುದು 3.56ರ ಹಾಗೆ.