ಕಾಗೆಯನ್ನೂ ಬರೆಯಬೇಕಾ?

ಮನೆ ಹಿತ್ತಲಿನ ಹಕ್ಕಿಗಳನ್ನು ಇ-ಬರ್ಡ್‌ನಲ್ಲಿ (ಕಂಡ ಹಕ್ಕಿಗಳ ಪಟ್ಟಿಯನ್ನು ಯಾರು ಬೇಕಾದರೂ ಕಳಿಸಬಹುದಾದ ಜಾಲತಾಣ) ದಾಖಲಿಸುವ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಹಿತ್ತಲಿಗೆ ಬರುವುದು ಕಾಗೆ, ಪಾರಿವಾಳ, ಮೈನಾ ಅಷ್ಟೇ. ಇದನ್ನು ಬರೆದು ಕಳಿಸಿದರೆ ಯಾರಿಗೇನು ಉಪಯೋಗ? ನೋಡಿದವರು ನಕ್ಕಾರು!

ಉತ್ತರ: ಯಾರೂ ನಗುವುದಿಲ್ಲ, ಬರೆಯಿರಿ. ಅಪರೂಪದ ಹಕ್ಕಿ ಒಂದು ಬಂದು ಕೂತರೆ ಸಾಕು, ಕ್ಯಾಮೆರಾ ಹೆಗಲಿಗೇರಿಸಿಕೊಂಡು ಜನ ಓಡುತ್ತಾರೆ, ಅದರ ಲೆಕ್ಕ ಹೇಗೋ ಸಿಕ್ಕಿಬಿಡುತ್ತದೆ. ಕಾಗೆ ಎಣಿಸಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ. ದಿನಾ ಕಾಣುವ ಹಕ್ಕಿ ನಲವತ್ತು ಇದ್ದದ್ದು ಮೂವತ್ತಾದರೆ ನಮ್ಮ ಕಣ್ಣಿಗೆ ಗೊತ್ತಾಗುವುದೇ ಇಲ್ಲ, ಅಲ್ವಾ? ಉತ್ತರ ಅಮೆರಿಕದಲ್ಲಿ ಹಾಗೇ ಆಯಿತು. 1970ರಿಂದೀಚೆಗೆ ಅಲ್ಲಿ ಸುಮಾರು 300 ಕೋಟಿ ಹಕ್ಕಿಗಳು ಕಡಿಮೆಯಾಗಿವೆ ಎಂದು ವಿಜ್ಞಾನಿಗಳು 2019ರಲ್ಲಿ ಲೆಕ್ಕ ಕೊಟ್ಟರು. ಜಾಸ್ತಿ ಕಳೆದುಹೋದದ್ದು ಎಲ್ಲರಿಗೂ ಗೊತ್ತಿರುವ ಮಾಮೂಲಿ ಹಕ್ಕಿಗಳೇ. ಅದು ತಿಳಿದದ್ದಾದರೂ ಹೇಗೆ? ಮುಖ್ಯವಾಗಿ, 1966ರಿಂದ ವರ್ಷವರ್ಷ ಅದೇ ರಸ್ತೆಗಳಿಗೆ ಹೋಗಿ, ಅದೇ ಜಾಗಗಳಲ್ಲಿ ಮೂರು ಮೂರು ನಿಮಿಷ ನಿಂತು, ಕಂಡದ್ದು ಕೇಳಿದ್ದನ್ನೆಲ್ಲ ಬರೆದಿಟ್ಟ ಹವ್ಯಾಸಿಗಳಿಂದ. ಅವರೇನಾದರೂ ‘ಇದು ಮಾಮೂಲಿ, ಬಿಡು’ ಎಂದುಕೊಂಡಿದ್ದರೆ ಇವತ್ತು ಹೋಲಿಸಿ ನೋಡಲು ಹಳೆಯ ಅಂಕಿಯೇ ಇರುತ್ತಿರಲಿಲ್ಲ.

ಪ್ರಶ್ನೆ: ಪಟ್ಟಿ ಕಳಿಸುವ ಮುಂಚೆ ‘ಎಲ್ಲಾ ಹಕ್ಕಿಗಳನ್ನೂ ಸೇರಿಸಿದ್ದೀರಾ’ ಎಂದು ಇ-ಬರ್ಡ್ ಕೇಳುತ್ತದೆ. ಎರಡು ಹಕ್ಕಿ ಯಾವುವು ಅಂತ ನನಗೆ ಗೊತ್ತಾಗಲಿಲ್ಲ. ‘ಇಲ್ಲ’ ಎಂದು ಒತ್ತಿದೆ. ಸರಿಯೇ?

ಉತ್ತರ: ‘ಹೌದು’ ಎಂದೇ ಒತ್ತಬೇಕಿತ್ತು. ಆ ಪ್ರಶ್ನೆಯ ಅರ್ಥ ಇಷ್ಟೇ: ನಿಮಗೆ ಗುರುತು ಸಿಕ್ಕಿದ್ದರಲ್ಲಿ ಬೇಕೆಂದೇ ಏನಾದರೂ ಬಿಟ್ಟಿದ್ದೀರಾ? ಬಿಟ್ಟಿಲ್ಲ ಅಂದರೆ ಪಟ್ಟಿ ಪೂರ್ತಿ. ಗುರುತು ಸಿಗದ್ದು ತಪ್ಪಲ್ಲ, ನನಗೂ ದಿನಕ್ಕೆ ಒಂದಾದರೂ ಹಾಗೆ ಕೈತಪ್ಪುತ್ತದೆ. ಪೂರ್ತಿ ಪಟ್ಟಿಗೆ ಯಾಕಿಷ್ಟು ಬೆಲೆ ಅಂದರೆ, ಅದರಲ್ಲಿ ಇಲ್ಲದ ಹಕ್ಕಿಯೂ ಮಾತಾಡುತ್ತದೆ. ನೀವು ಇಪ್ಪತ್ತು ನಿಮಿಷ ಕೂತು ಕಂಡದ್ದನ್ನೆಲ್ಲ ಬರೆದು, ಅದರಲ್ಲಿ ಗುಬ್ಬಿ ಇಲ್ಲದಿದ್ದರೆ, ಅಷ್ಟು ಹೊತ್ತು ಗುಬ್ಬಿ ಕಾಣಲಿಲ್ಲ ಎಂಬುದೂ ಒಂದು ದಾಖಲೆ. ಬರೀ ಇಷ್ಟವಾದ ಹಕ್ಕಿಗಳನ್ನು ಬರೆದ ಪಟ್ಟಿಯಲ್ಲಿ ಗುಬ್ಬಿ ಇರಲಿಲ್ಲವೋ, ನಿಮಗೆ ಬರೆಯಲು ಬೇಜಾರೋ, ಯಾರಿಗೆ ಗೊತ್ತು? ಅಂದಹಾಗೆ, ಎಷ್ಟು ಗಂಟೆಗೆ ಶುರು ಮಾಡಿದಿರಿ, ಎಷ್ಟು ಹೊತ್ತು ನೋಡಿದಿರಿ ಎಂಬುದನ್ನು ಸರಿಯಾಗಿ ತುಂಬಿ. ಅದಿಲ್ಲದೆ ‘ಐದು ಮೈನಾ’ ಅಂದರೆ ಐದು ನಿಮಿಷಕ್ಕೆ ಐದೋ, ದಿನಕ್ಕೆ ಐದೋ ತಿಳಿಯುವುದಿಲ್ಲ.

ಪ್ರಶ್ನೆ: ಅದೇ ಹಕ್ಕಿ ಹೋಗಿ ಹೋಗಿ ಬರುತ್ತಿದ್ದರೆ ಎಣಿಸುವುದು ಹೇಗೆ?

ಉತ್ತರ: ಇದರಲ್ಲಿ ನಾನೇ ಮುಗ್ಗರಿಸಿದ್ದೇನೆ, ಹೇಳಿಬಿಡುತ್ತೇನೆ. ಶುರುವಿನಲ್ಲಿ ಒಂದು ಬೆಳಗ್ಗೆ ಅರ್ಧ ಗಂಟೆ ಕಿಟಕಿಯ ಹತ್ತಿರ ಕೂತು, ಪಿಕಳಾರ ಬಂದಾಗಲೆಲ್ಲ ಒಂದೊಂದು ಗೀಟು ಎಳೆದೆ. ಹದಿನಾಲ್ಕು ಗೀಟಾಯಿತು. ಖುಷಿಯಿಂದ ಹದಿನಾಲ್ಕು ಎಂದು ಕಳಿಸಿದೆ. ಮರುದಿನ ಅದೇ ಗಿಡದ ಮೇಲೆ ಕೂತ ಹಕ್ಕಿಯನ್ನು ಗಮನಿಸಿ ನೋಡಿದರೆ ಬಾಲದ ಒಂದು ಕಡೆ ಗರಿಯೇ ಇಲ್ಲ. ಹಾರಿಹೋಯಿತು. ಮೂರು ನಿಮಿಷ ಬಿಟ್ಟು ಬಂತು, ಅದೇ ಮೋಟು ಬಾಲ. ಮತ್ತೆ ಹೋಯಿತು, ಮತ್ತೆ ಬಂತು, ಜೊತೆಗೆ ಇನ್ನೊಂದು. ನನ್ನ ಹದಿನಾಲ್ಕು ಪಿಕಳಾರಗಳು ಒಂದು ಜೋಡಿ ಅಷ್ಟೇ! ಆ ಹಳೆಯ ಪಟ್ಟಿ ತೆರೆದು ಸಂಖ್ಯೆ ತಿದ್ದಿದೆ. ಕಳಿಸಿದ ಮೇಲೂ ತಿದ್ದಬಹುದು, ಹೆದರಬೇಡಿ.

ಒಂದೇ ಕಡೆ ಕೂತು ನೋಡುವಾಗ ಸುಲಭದ ದಾರಿ ಎಂದರೆ, ಒಂದೇ ಸಲಕ್ಕೆ ಕಣ್ಣಿಗೆ ಬಿದ್ದ ಅತಿ ಹೆಚ್ಚು ಸಂಖ್ಯೆ ಬರೆಯುವುದು. ಮೊದಲು ಎರಡು, ಆಮೇಲೆ ಒಟ್ಟಿಗೆ ಮೂರು ಕಂಡರೆ ಮೂರು, ಐದಲ್ಲ. ಗಂಡು ಹೆಣ್ಣಿನ ಬಣ್ಣ ಬೇರೆ ಇರುವ ಹಕ್ಕಿಯಾದರೆ, ಗಂಡೊಂದು ಹೋಗಿ ಆಮೇಲೆ ಹೆಣ್ಣೊಂದು ಬಂದರೆ ಎರಡು ಎಂದು ಧೈರ್ಯವಾಗಿ ಬರೆಯಬಹುದು. ದೊಡ್ಡ ಹಿಂಡು ಹಾರಿಹೋದರೆ ಹತ್ತು ಹಕ್ಕಿ ಎಣಿಸಿ, ಅಷ್ಟು ದೊಡ್ಡ ಗುಂಪು ಇನ್ನೆಷ್ಟಿವೆ ಎಂದು ಅಂದಾಜು ಮಾಡಿ. ಎಣಿಸಲು ಆಗಲೇ ಇಲ್ಲ ಅಂದರೆ ಸಂಖ್ಯೆಯ ಜಾಗದಲ್ಲಿ ‘ಎಕ್ಸ್’ ಹಾಕಲು ಅವಕಾಶ ಇದೆ. ಆದರೆ ನನ್ನ ಕೇಳಿದರೆ, ಒರಟು ಅಂದಾಜಾದರೂ ‘ಎಕ್ಸ್’ಗಿಂತ ವಾಸಿ.

ಪ್ರಶ್ನೆ: ಎಷ್ಟು ಹೊತ್ತು ನೋಡಿದರೆ ಸಾಕು?

ಉತ್ತರ: ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಎಣಿಕೆಯಲ್ಲಿ ಕನಿಷ್ಠ 15 ನಿಮಿಷ ಎಂಬ ನಿಯಮ ಇದೆ. ನೀವೂ ಅಷ್ಟೇ ಇಟ್ಟುಕೊಳ್ಳಿ. ಭಾನುವಾರ ಮೂರು ಗಂಟೆ ಕೂತು ಆಮೇಲೆ ಎರಡು ತಿಂಗಳು ನಾಪತ್ತೆಯಾಗುವುದಕ್ಕಿಂತ ವಾರಕ್ಕೆರಡು ಸಲ ಹದಿನೈದು ನಿಮಿಷ ಮೇಲು.

ಪ್ರಶ್ನೆ: ಹಕ್ಕಿ ಗುರುತಿಸಲು ನೆರವಾಗುವ ಮರ್ಲಿನ್ ಆ್ಯಪ್ ದನಿ ಕೇಳಿ ಒಂದು ಹಕ್ಕಿಯ ಹೆಸರು ತೋರಿಸಿತು. ನನಗೆ ಕಾಣಲಿಲ್ಲ. ಸೇರಿಸಲೇ?

ಉತ್ತರ: ಬೇಡ. ಆ್ಯಪ್ ಕೊಡುವುದು ಸುಳಿವು. ಕಣ್ಣಾರೆ ನೋಡಿ, ಇಲ್ಲವೇ ದನಿ ನಿಮಗೇ ಗುರುತು ಸಿಕ್ಕಿದರೆ ಬರೆಯಿರಿ. ಬೇರೆ ಹಕ್ಕಿಯ ಕೂಗನ್ನು ಅಣಕಿಸುವ ಹಕ್ಕಿಗಳಿವೆ, ಆ್ಯಪ್ ಅವುಗಳ ಕೈಯಲ್ಲಿ ಸುಮ್ನೆ ಮೋಸ ಹೋಗುತ್ತದೆ.

ಪ್ರಶ್ನೆ: ಇಪ್ಪತ್ತು ವರ್ಷದ ಹಿಂದೆ ಡೈರಿಯಲ್ಲಿ ಹಕ್ಕಿಗಳ ಹೆಸರು ಬರೆದಿಟ್ಟಿದ್ದೆ. ತಾರೀಖು ಇದೆ, ಊರಿದೆ, ಸಮಯ ಇಲ್ಲ. ಈಗ ಸೇರಿಸಬಹುದೇ?

ಉತ್ತರ: ಖಂಡಿತ ಸೇರಿಸಿ. ಇ-ಬರ್ಡ್ ಶುರುವಾದದ್ದೇ 2002ರಲ್ಲಿ, ಆದರೆ ಅದಕ್ಕೂ ಹಿಂದಿನ ದಾಖಲೆಗಳನ್ನೂ ತೆಗೆದುಕೊಳ್ಳುತ್ತದೆ. ಸಮಯ ಗೊತ್ತಿಲ್ಲದ ಹಳೆಯ ಪಟ್ಟಿಗೆಂದೇ ‘ಹಿಸ್ಟಾರಿಕಲ್’ ಎಂಬ ಬಗೆ ಇದೆ, ಅದನ್ನು ಆರಿಸಿ. ಬೆಳಗ್ಗೆ ಏಳು ಇದ್ದಿರಬೇಕು ಎಂದು ಊಹಿಸಿ ತುಂಬಬೇಡಿ. ಡೈರಿಯಲ್ಲಿ ಸಂಖ್ಯೆ ಇಲ್ಲದಿದ್ದರೆ ಮೇಲೆ ಹೇಳಿದ ‘ಎಕ್ಸ್’ ಇಲ್ಲಿ ಸರಿ, ಇಪ್ಪತ್ತು ವರ್ಷದ ಹಿಂದಿನದನ್ನು ಅಂದಾಜು ಮಾಡಲು ಹೋಗಬಾರದು. ಬರೆಯುವಾಗ ‘ಕಾಡು ಮೈನಾನೋ ಏನೋ’ ಎಂದು ಅನುಮಾನ ಹಾಕಿಕೊಂಡಿದ್ದರೆ ಅದನ್ನು ಬಿಟ್ಟುಬಿಡಿ. ಸೇರಿಸಲು ಕೂರುವ ಮುಂಚೆ ಡೈರಿಯ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ, ಶಾಯಿ ಮಾಸುತ್ತಾ ಬಂದಿರುತ್ತದೆ.